ತೇರಿನ ಅಡಿಗಟ್ಟು: ನಂಜನಗೂಡು ಸೀಮೆಯಲ್ಲಿ ಒಂದು ಕಸುಬಿನ ಚರಿತ್ರೆ

ಮೈಸೂರಿನ ದಕ್ಷಿಣಕ್ಕೆ, ಕಪಿಲಾ ನದಿಯ ಬಲದಂಡೆಯಲ್ಲಿರುವ ನಂಜನಗೂಡಿನಲ್ಲಿ ಪ್ರತಿವರ್ಷ ಫಾಲ್ಗುಣ ಮಾಸದಲ್ಲಿ ನಡೆಯುವ ದೊಡ್ಡ ಜಾತ್ರೆಗೆ ಗೌತಮ ಪಂಚಮಹಾರಥೋತ್ಸವವೆಂಬ ಹೆಸರಿದೆ. ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ ಮತ್ತು ಚಂಡಿಕೇಶ್ವರ ಎಂಬ ಐದು ದೇವತೆಗಳಿಗೆ ಐದು ತೇರುಗಳಿದ್ದು, ಗಣಪತಿಯ ತೇರು ಮುಂದೆ ಸಾಗಿದ ಬಳಿಕ ಶ್ರೀಕಂಠೇಶ್ವರನ ಗೌತಮರಥ ಹೊರಡುತ್ತದೆ. ಬಟ್ಟೆ, ಬಾವುಟ ಮತ್ತು ಕಳಶಗಳಿಂದ ಅಲಂಕರಿಸಿದ ಮೇಲೆ ಈ ರಥ ಸುಮಾರು 90 ಅಡಿ ಎತ್ತರಕ್ಕೆ ಏರುತ್ತದೆಂದೂ ಅದರ ತೂಕ ಸುಮಾರು 110 ಟನ್ ಎಂದೂ ಸಾಮಾನ್ಯವಾಗಿ ಹೇಳಲಾಗುತ್ತದೆ. ಜಾತ್ರೆಯ ವರ್ಣನೆಗಳು ಬಹುಮಟ್ಟಿಗೆ ಈ ಎತ್ತರದಲ್ಲಿಯೇ ಕಣ್ಣು ನೆಟ್ಟಿವೆ. ಆದರೆ ಇಂಥ ಭಾರವನ್ನು ಹೊತ್ತು, ಬೀದಿಯ ಉಬ್ಬುತಗ್ಗುಗಳನ್ನು ದಾಟಿ, ತಿರುವುಗಳಲ್ಲಿ ಹೊರಳಿ, ನೆಲೆಗೆ ಹಿಂದಿರುಗಬೇಕಾದುದು ಜನರ ಕಣ್ಣಿಗೆ ಅಷ್ಟಾಗಿ ಬೀಳದ ಅಡಿಗಟ್ಟು, ಅಂದರೆ ತೊಲೆಗಳ ಚೌಕಟ್ಟು, ಅಚ್ಚು ಮತ್ತು ಗಾಲಿಗಳು. ಬಡಗಿ ಮತ್ತು ಕಮ್ಮಾರರ ಬುದ್ಧಿ ಹೆಚ್ಚು ಖರ್ಚಾಗಿರುವುದು ಅಲ್ಲಿಯೇ ಆದ್ದರಿಂದ, ತೇರಿನ ಚರಿತ್ರೆಯನ್ನು ಕಳಶದಿಂದ ಕೆಳಗೆ ಓದುವುದಕ್ಕಿಂತ ಗಾಲಿಯಿಂದ ಮೇಲಕ್ಕೆ ಓದುವುದು ಹೆಚ್ಚು ಫಲಕಾರಿ.

ನಂಜನಗೂಡಿನ ದೇವಾಲಯ ಈಗಿನ ವಿಸ್ತಾರಕ್ಕೆ ಬಂದದ್ದು ಬಹುಪಾಲು 18 ಮತ್ತು 19ನೇ ಶತಮಾನಗಳಲ್ಲಿ. ಹಳೆಯ ಚಿಕ್ಕ ಗುಡಿಯನ್ನು ಕಳಲೆಯ ದಳವಾಯಿ ಮನೆತನದ ಕರಾಚೂರಿ ನಂಜರಾಜಯ್ಯ ವಿಸ್ತರಿಸಿದನು. ದಿವಾನ್ ಪೂರ್ಣಯ್ಯ ಆ ಕೆಲಸವನ್ನು ಮುಂದುವರಿಸಿದನು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸುಮಾರು 120 ಅಡಿ ಎತ್ತರದ ಏಳು ನೆಲೆಯ ಗೋಪುರವೆದ್ದಿತು. ಬಿ. ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಈ ದೇವಾಲಯದ ಉದ್ದ 385 ಅಡಿ, ಅಗಲ 160 ಅಡಿ, ಕಂಬಗಳು 147 ಎಂದು ದಾಖಲಿಸಿದ್ದಾರೆ. ದೇವಾಲಯ ಬೆಳೆದಂತೆ ಅದನ್ನು ಸುತ್ತುವರಿದ ರಥಬೀದಿಯೂ ಉದ್ದವಾಗುತ್ತದೆ, ಗೋಪುರಕ್ಕೆ ಸರಿಗಟ್ಟಬೇಕಾದ ತೇರೂ ಎತ್ತರವಾಗುತ್ತದೆ. ಹೀಗೆ ಕಲ್ಲಿನ ಕಟ್ಟಡದಲ್ಲಿ ಆಶ್ರಯದಾತರು ಮಾಡಿದ ಪ್ರತಿಯೊಂದು ಹೆಚ್ಚಳವೂ ಕೊನೆಗೆ ಮರದ ಅಚ್ಚಿನ ಮೇಲೆಯೇ ಭಾರವಾಗಿ ಇಳಿದಿರಬೇಕು.

ತೇರನ್ನು ಎಳೆಯುವ ಪದ್ಧತಿ ಇದಕ್ಕಿಂತ ಬಹಳ ಹಳೆಯದು. 15ನೇ ಶತಮಾನದ ಮೊದಲ ಭಾಗದಲ್ಲಿ ವಿಜಯನಗರವನ್ನು ಕಂಡ ಇಟಲಿಯ ನಿಕೊಲೊ ಕೊಂಟಿ ಮತ್ತು ಒಂದು ಶತಮಾನದ ಬಳಿಕ ಬಂದ ಪೋರ್ಚುಗೀಸ ಡೊಮಿಂಗೊ ಪಾಯೆಸ್ ಇಬ್ಬರೂ ಅಲ್ಲಿನ ಉತ್ಸವರಥಗಳನ್ನು ಹೆಸರಿಸುತ್ತಾರೆ. ಹಂಪೆಯ ವಿಠ್ಠಲ ದೇವಾಲಯದ ಅಂಗಳದಲ್ಲಿರುವ ಕಲ್ಲಿನ ತೇರು ವಾಸ್ತವವಾಗಿ ಗರುಡನ ಗುಡಿಯಾದರೂ, ಅದರ ಶಿಲ್ಪಿಗಳು ಗಾಲಿ ಮತ್ತು ಅಚ್ಚುಗಳನ್ನು ಮರದ ತೇರಿನ ಮಾದರಿಯಲ್ಲಿಯೇ ಬಿಡಿಬಿಡಿಯಾಗಿ ಕಡೆದಿದ್ದಾರೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ತೆಗೆದ ಛಾಯಾಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವೂ ಕಾಣುತ್ತದೆ. ಗಟ್ಟಿಯಾದ ಅಡಿಭಾಗ ಒಂದು ವಸ್ತುವಿನದು, ಹಗುರವಾದ ಮೇಲ್ಭಾಗ ಇನ್ನೊಂದರದು ಎಂಬ ವಿಭಾಗವನ್ನು ಕಲ್ಲಿನ ತೇರು ಕೂಡ ಉಳಿಸಿಕೊಂಡಿತ್ತೆಂಬುದು ಇದರಿಂದ ತಿಳಿಯುತ್ತದೆ. ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, 13ನೇ ಶತಮಾನದ ಕೇಶವ ದೇವಾಲಯದ ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತಗಳ ಪ್ರಸಂಗಗಳಿವೆ. ಆದರೆ ಅಂಥ ಪ್ರಸಂಗಗಳಲ್ಲಿ ಬರುವ ಪುರಾಣದ ಯುದ್ಧರಥ ಕುದುರೆಯ ವೇಗಕ್ಕಾಗಿ ಕಲ್ಪಿಸಿದ ಹಗುರವಾದ ಬಂಡಿ. ದೇವರ ತೇರು ಮನುಷ್ಯರ ನಡಿಗೆಗಿಂತಲೂ ನಿಧಾನವಾಗಿ ಚಲಿಸುವ ಗುಡಿ. ಎರಡಕ್ಕೂ ರಥವೆಂಬ ಹೆಸರೊಂದೇ ಆದರೂ ಅವುಗಳ ಯಂತ್ರವಿದ್ಯೆ ಬೇರೆ. ವಾಸ್ತುಗ್ರಂಥವಾದ ಮಾನಸಾರದಲ್ಲಿ ರಥಲಕ್ಷಣಕ್ಕೆ ಒಂದು ಅಧ್ಯಾಯವೇ ಮೀಸಲಾಗಿದ್ದು, ಗಾಲಿ, ಅಚ್ಚು, ಕೀಲುಗಳ ಅಳತೆಯನ್ನು ಅದು ದೇವಾಲಯದ ಅಳತೆಗಳ ಜತೆಯಲ್ಲಿಯೇ ಚರ್ಚಿಸುತ್ತದೆ.

ಗ್ರಂಥದ ಅಳತೆ ಹೇಗೇ ಇದ್ದರೂ, ಬಡಗಿಯ ಕೈಗೆ ಪಳಗಿದ ಮಾದರಿ ಊರಿನ ಎತ್ತಿನ ಗಾಡಿಯಾಗಿತ್ತು. ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲಿನ ಸುತ್ತಮುತ್ತ, ಕಾಲುವೆ ನೀರಿನ ಗದ್ದೆಬಯಲಿನಲ್ಲಿ, ಬತ್ತ ಮತ್ತು ಕಬ್ಬು ಸಾಗಿಸಲು ಗಾಡಿಯೇ ಆಧಾರವಾಗಿತ್ತು. ಇದೇ ತಾಲ್ಲೂಕಿನ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನನ ತೇರೂ ದನಗಳ ಜಾತ್ರೆಯೂ ಒಟ್ಟಿಗೇ ನಡೆಯುವುದು ಈ ನಂಟಿಗೆ ತಕ್ಕ ಸಾಕ್ಷಿ. ಗಾಡಿಯ ಗಾಲಿಯ ನಡುವೆ ಅಚ್ಚು ತೂರುವ ದಪ್ಪ ಮರದ ತುಂಡು ಗುಂಬ. ಅದರಿಂದ ಹೊರಡುವ ಕಡ್ಡಿಗಳು ಅರೆಕಾಲುಗಳು. ಅವುಗಳ ತುದಿಯನ್ನು ಹಿಡಿದಿರುವುದು ಸುತ್ತಿನ ಬಾಗುಮರಗಳು. ಇವೆಲ್ಲವನ್ನೂ ಬಿಗಿದಿಡುವುದು ಹಳಿ, ಅಂದರೆ ಕಬ್ಬಿಣದ ಪಟ್ಟೆ. ಹಳಿಯ ಸುತ್ತಳತೆಯನ್ನು ಮರದ ಸುತ್ತಳತೆಗಿಂತ ಸ್ವಲ್ಪ ಕಡಿಮೆಯಾಗಿಯೇ ಬೆಸೆದು, ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಇಕ್ಕಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮೊದಲೇ ನೀರೆರೆದರೆ, ಅದು ಕುಗ್ಗುತ್ತ ಅಷ್ಟೂ ಕೀಲುಗಳನ್ನು ಒಳಕ್ಕೆ ಒತ್ತಿ ಬಿಗಿಯುತ್ತದೆ. ಭಾರ ಬೀಳುವ ಮುನ್ನವೇ ಒತ್ತಡವನ್ನು ತುಂಬಿಟ್ಟು ಬಲ ಪಡೆಯುವ ಈ ಉಪಾಯವನ್ನು 20ನೇ ಶತಮಾನದ ಇಂಜಿನಿಯರುಗಳು ಕಾಂಕ್ರೀಟಿನ ತೊಲೆಗಳಿಗೆ ಅಳವಡಿಸಿದರು; ಹಳ್ಳಿಯ ಕುಲುಮೆಯಲ್ಲಿ ಅದು ಮಾಮೂಲು ಕೆಲಸವಾಗಿತ್ತು. ಅಚ್ಚಿನ ಉಜ್ಜುವಿಕೆಯನ್ನು ತಗ್ಗಿಸಲು ಹರಳೆಣ್ಣೆಗೆ ಸುಟ್ಟ ಹುಲ್ಲಿನ ಕರಿಯನ್ನು ಬೆರೆಸಿ ಕೀಲೆಣ್ಣೆ ಮಾಡಿ ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಗೆ ತೂಗುಹಾಕಲಾಗುತ್ತಿತ್ತು, ಗಾಲಿ ಕಳಚಿ ಹೋಗದಂತೆ ಅಚ್ಚಿನ ತುದಿಗೆ ಕಡಾಣಿ ಎಂಬ ಕೀಲನ್ನು ಚುಚ್ಚಲಾಗುತ್ತಿತ್ತು.

ಮರದ ಆಯ್ಕೆಯಲ್ಲಿಯೂ ಗಾಡಿಯ ಅನುಭವವೇ ತೇರಿಗೆ ಹರಿದು ಬಂದಿತು. ಕೆತ್ತನೆಗೆ ತೇಗ ಒಗ್ಗುತ್ತದೆ, ಹೊನ್ನೆ ಮತ್ತು ಮತ್ತಿ ಭಾರ ಹೊರುವ ತೊಲೆಗಳಿಗೆ ಒದಗುತ್ತವೆ, ಕರಿಜಾಲಿ ಪೆಟ್ಟನ್ನು ತಾಳಿಕೊಳ್ಳುತ್ತದೆ. ಬಾಗಿದರೂ ಬೇಗ ಮುರಿಯದ ದಿಂಡಿಗ ಅಚ್ಚಿಗೆ ಎಷ್ಟು ಹೆಸರಾಗಿತ್ತೆಂದರೆ ಇಂಗ್ಲಿಷಿನಲ್ಲಿ ಅದಕ್ಕೆ ಆ್ಯಕ್ಸಲ್‌ವುಡ್ ಎಂದೇ ಹೆಸರು ಬಿದ್ದಿತು. ಕಪಿಲೆಯ ಮೇಲ್ಭಾಗದ ಕಾಕನಕೋಟೆ ಮತ್ತು ದಕ್ಷಿಣದ ಬಂಡೀಪುರದ ಕಾಡುಗಳು ಈ ಸೀಮೆಗೆ ಸಮೀಪವಾಗಿದ್ದುದು ದೊಡ್ಡ ಅನುಕೂಲ.

ಆದರೂ ಗಾಡಿಯನ್ನು ಹಿಗ್ಗಿಸಿದರೆ ತೇರಾಗುವುದಿಲ್ಲ. ಅರೆಕಾಲಿನ ಗಾಲಿ ಉರುಳುವಾಗ ಭಾರವೆಲ್ಲ ಒಂದೆರಡು ಅರೆಕಾಲುಗಳ ಮೇಲೆಯೇ ಬೀಳುತ್ತದೆ. ಹತ್ತಾರು ಟನ್ನುಗಳಲ್ಲಿ ಅಳೆಯುವ ಭಾರಕ್ಕೆ ಅದು ನಿಲ್ಲದು. 110 ಟನ್ನನ್ನು ಆರು ಗಾಲಿಗಳಿಗೆ ಸಮನಾಗಿ ಹಂಚಿದರೂ ಒಂದೊಂದರ ಪಾಲಿಗೆ 18 ಟನ್ನಿಗೂ ಮಿಕ್ಕು ಬರುತ್ತದೆ, ಇಂದಿನ ಲಾರಿಯ ಒಂದು ಅಚ್ಚಿಗೆ ಎರಡೂ ಕಡೆಯ ಗಾಲಿಗಳು ಸೇರಿ ಕಾನೂನು ಒಪ್ಪುವ ಭಾರ ಸುಮಾರು 11 ಟನ್ ಎಂಬುದನ್ನು ನೆನೆದರೆ ಇದರ ಪ್ರಮಾಣ ತಿಳಿಯುತ್ತದೆ. ಆದುದರಿಂದ ದೊಡ್ಡ ತೇರಿಗೆ ತುಂಬುಗಾಲಿ ಬೇಕಾಯಿತು: ದಪ್ಪ ಹಲಗೆಗಳನ್ನು ಪಕ್ಕಪಕ್ಕಕ್ಕೆ ಜೋಡಿಸಿ, ಅಡ್ಡಪಟ್ಟಿಗಳಿಂದ ಬಂಧಿಸಿ, ದುಂಡಗೆ ಕತ್ತರಿಸಿ, ಅಂಚಿಗೆ ಕಬ್ಬಿಣ ಬಿಗಿದ ಗಾಲಿ. ಗಾಲಿ ದೊಡ್ಡದಾದಷ್ಟೂ ಅಚ್ಚು ಸಣ್ಣದಾದಷ್ಟೂ ಎಳೆಯುವುದು ಸುಲಭ, ಏಕೆಂದರೆ ಅಚ್ಚಿನ ಮೇಲಿನ ತಿಕ್ಕಾಟವನ್ನು ಗಾಲಿಯ ಅಂಚಿನಿಂದ ಗೆಲ್ಲಬೇಕು. ಆದರೆ ದುಂಡನೆಯ ಅಚ್ಚಿನ ಬಾಗುಬಲ ಅದರ ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ, ವ್ಯಾಸವನ್ನು ಅರ್ಧಕ್ಕಿಳಿಸಿದರೆ ಬಲ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಎಳೆಯುವವರ ಅನುಕೂಲಕ್ಕೂ ತೇರಿನ ಕ್ಷೇಮಕ್ಕೂ ನಡುವಿನ ಈ ಜಗ್ಗಾಟಕ್ಕೆ ಸೂತ್ರವಿಲ್ಲದ ಕಾಲದಲ್ಲಿ ಬಡಗಿ ಹಿಂದಿನ ಅಚ್ಚು ಹೇಗೆ ಸವೆದಿತ್ತು, ಎಲ್ಲಿ ಸೀಳಿತ್ತು ಎಂಬುದನ್ನು ನೋಡಿ ಮುಂದಿನದರ ಅಳತೆಯನ್ನು ತೀರ್ಮಾನಿಸಬೇಕಾಗಿತ್ತು.

ಅಚ್ಚುಗಳ ಮೇಲೆ ಉದ್ದತೊಲೆಗಳೂ ಅವುಗಳ ಮೇಲೆ ಅಡ್ಡತೊಲೆಗಳೂ ಕೂಡಿ ಚೌಕಟ್ಟಾಗುತ್ತವೆ. ಒಂದರ ತುದಿಯನ್ನು ನಾಲಗೆಯಾಗಿ ಕೊರೆದು ಇನ್ನೊಂದರ ತೂತಿನೊಳಗೆ ಕೂರಿಸಿ, ಅಡ್ಡಲಾಗಿ ಗೂಟ ಹೊಡೆದು, ಸಂದಿಗೆ ಬೆಣೆ ಬಡಿಯುವುದು ಇಲ್ಲಿನ ಜೋಡಣೆಯ ಕ್ರಮ. ಮೇಲಕ್ಕೆ ಹೋದಂತೆ ಚೌಕಟ್ಟಿನ ಪದರಗಳು ಹೊರಚಾಚಿ ಕೆತ್ತನೆಯ ಹಲಗೆಗಳಿಗೂ ದೇವರು ಕೂರುವ ಪೀಠಕ್ಕೂ ಎಡೆಮಾಡುತ್ತವೆ. ಅದಕ್ಕೂ ಮೇಲೆ ಜಾತ್ರೆಗೆಂದು ವರ್ಷವರ್ಷವೂ ಕಟ್ಟುವ ಬಿದಿರು, ಸರ್ವೆ, ಹಗ್ಗ, ಬಟ್ಟೆಗಳ ಶಿಖರ ನಿಲ್ಲುತ್ತದೆ. ನೋಟಕ್ಕೆ ತೇರಿನ ಮುಕ್ಕಾಲು ಭಾಗವಾದ ಈ ಶಿಖರ ತೂಕದಲ್ಲಿ ಅಲ್ಪ, ಭಾರವೆಲ್ಲ ತಳದ ಮರದಲ್ಲಿಯೇ ಕೂಡಿರುತ್ತದೆ. ತೇರು ಓಲಾಡಿದರೂ ಉರುಳದಿರುವುದಕ್ಕೆ ಈ ಹಂಚಿಕೆಯೇ ಕಾರಣ. ತೇರಿಗೆ ಸ್ಪ್ರಿಂಗ್ ಇಲ್ಲ. ಆ ಕೆಲಸವನ್ನು ಮಾಡುವುದು ಕೀಲುಗಳ ಸಡಿಲ. ಒಂದು ಗಾಲಿ ತಗ್ಗಿಗೆ ಇಳಿದಾಗ ನೂರಾರು ಜೋಡಣೆಗಳು ಕೂದಲೆಳೆಯಷ್ಟು ಸರಿದು, ನರಳುವ ಸದ್ದಿನೊಡನೆ ಪೆಟ್ಟನ್ನು ಹಂಚಿಕೊಳ್ಳುತ್ತವೆ. ಜಾತ್ರೆಯ ದಿನ ಹೊಸಬರನ್ನು ಗಾಬರಿಗೊಳಿಸುವ ಆ ಸದ್ದು ಬಡಗಿಗೆ ಚೌಕಟ್ಟು ಇನ್ನೂ ಕೆಲಸ ಮಾಡುತ್ತಿದೆಯೆಂಬ ವಾರ್ತೆ.

ತೇರಿನ ಅಡಿಗಟ್ಟಿಗೆ ನಿಜವಾದ ಪರೀಕ್ಷೆ ಒದಗುವುದು ಬೀದಿಯ ಮೂಲೆಗಳಲ್ಲಿ. ಅಚ್ಚುಗಳು ಚೌಕಟ್ಟಿಗೆ ಬಿಗಿದಿರುವುದರಿಂದ ತೇರಿಗೆ ತಾನಾಗಿ ತಿರುಗುವ ಉಪಾಯವಿಲ್ಲ. ಮುಂದೆ ಹಗ್ಗ ಹಿಡಿದವರು ಎಳೆಯುತ್ತಿರುವಾಗ, ಅನುಭವಿಗಳಾದ ಕೆಲವರು ಗಾಲಿಯ ಪಕ್ಕದಲ್ಲಿಯೇ ನಡೆಯುತ್ತ, ಒಂದು ಬದಿಯ ಗಾಲಿಗೆ ಓರೆಯಾದ ಬೆಣೆಮರವನ್ನು ಒಡ್ಡುತ್ತಾರೆ. ಗಾಲಿ ಅದರ ಮೇಲೇರಿ ಪಕ್ಕಕ್ಕೆ ಜಾರಿದಾಗ ಇಡೀ ತೇರು ಗೇಣುದ್ದ ಹೊರಳುತ್ತದೆ. ಹಿಂಬದಿಯಿಂದ ಸನ್ನೆಗೋಲುಗಳನ್ನು ಗಾಲಿಯ ಕೆಳಕ್ಕೆ ಚುಚ್ಚಿ ಮೀಟಿ, ನಿಂತ ತೇರನ್ನು ಕದಲಿಸುತ್ತಾರೆ, ಏಕೆಂದರೆ ಹೊರಡಿಸಲು ಬೇಕಾದ ಬಲ ನಡೆಸಲು ಬೇಕಾದುದಕ್ಕಿಂತ ಹೆಚ್ಚು. ಹಿಂದೆ ದಕ್ಷಿಣದ ಅನೇಕ ಕ್ಷೇತ್ರಗಳಲ್ಲಿ ಇದಕ್ಕೆ ಆನೆಗಳನ್ನೂ ಹೂಡುತ್ತಿದ್ದರು. ಬೆಣೆ ಕೊಡುವವನ ಕೆಲಸ ಎಲ್ಲಕ್ಕಿಂತ ಅಪಾಯದ್ದು; ತೇರನ್ನು ನಿಲ್ಲಿಸಬೇಕಾದಾಗ ಬ್ರೇಕೂ ಅವನೇ, ತಿರುಗಿಸಬೇಕಾದಾಗ ಚುಕ್ಕಾಣಿಯೂ ಅವನೇ. ಬೆಣೆಯ ಮೇಲಿಂದ ಗಾಲಿ ಧಡಕ್ಕನೆ ಇಳಿಯುವ ಕ್ಷಣದಲ್ಲಿ ಅಚ್ಚಿಗೆ ಬೀಳುವ ಪೆಟ್ಟು ನಿಂತ ಭಾರಕ್ಕಿಂತ ಎಷ್ಟೋ ಪಾಲು ಮಿಗಿಲು, ಪಕ್ಕಕ್ಕೆ ಜಾರುವ ಗಾಲಿ ಕಡಾಣಿಯನ್ನೂ ಕತ್ತರಿಸಲು ನೋಡುತ್ತದೆ.

ಇಂಥ ಸ್ಥಿತಿಯಲ್ಲಿ ಎಲ್ಲವನ್ನೂ ಸಮನಾಗಿ ಗಟ್ಟಿಗೊಳಿಸುವುದು ಸಾಧ್ಯವೂ ಇಲ್ಲ, ಲೇಸೂ ಅಲ್ಲ. ಒಂದು ಭಾಗಕ್ಕೆ ಬಲ ತುಂಬಿದರೆ ಮುರಿಯುವ ಸ್ಥಾನ ಅದರ ಪಕ್ಕಕ್ಕೆ ಸರಿಯುತ್ತದೆ: ಗಾಲಿಗೆ ದಪ್ಪ ಹಳಿ ಬಿಗಿದರೆ ಪೆಟ್ಟು ಅಚ್ಚಿಗೆ, ಅಚ್ಚನ್ನು ಉಕ್ಕಿನದಾಗಿಸಿದರೆ ತೊಲೆಗೆ, ತೊಲೆಗಳನ್ನು ಬೋಲ್ಟು ಪಟ್ಟಿಗಳಿಂದ ಅಲುಗದಂತೆ ಬಂಧಿಸಿದರೆ ಕೆತ್ತನೆಯ ಹಲಗೆಗೂ ಶಿಖರದ ಕಟ್ಟಿಗೂ. ಹಳೆಯ ಬಡಗಿಗಳ ಜಾಣತನವಿದ್ದುದು ಮೊದಲು ಸವೆಯಬೇಕಾದ ಭಾಗ ಯಾವುದೆಂದು ತಾವೇ ಗೊತ್ತುಮಾಡಿ, ಅದನ್ನು ಸುಲಭವಾಗಿ ಬದಲಿಸುವಂತೆ ಇಟ್ಟುಕೊಳ್ಳುವುದರಲ್ಲಿ. ಬೆಣೆ, ಗೂಟ, ಕಡಾಣಿಗಳು ಅಗ್ಗವಾದವು ಮತ್ತು ವರ್ಷವರ್ಷವೂ ಹೊಸದಾಗುವಂಥವು, ಗಾಲಿ ಮತ್ತು ಅಚ್ಚುಗಳನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬಹುದು, ಕೆತ್ತನೆಯ ಚೌಕಟ್ಟು ತಲೆಮಾರುಗಳವರೆಗೆ ಉಳಿಯಬೇಕು. ಹೀಗಾಗಿ ಇನ್ನೂರು ವರ್ಷ ಹಳೆಯದೆನ್ನುವ ತೇರಿನಲ್ಲಿ ಎಷ್ಟು ಮರ ನಿಜವಾಗಿ ಅಷ್ಟು ಹಳೆಯದು ಎಂಬ ಪ್ರಶ್ನೆಗೆ ಅರ್ಥವೇ ಕಡಿಮೆ.

ವರ್ಷವರ್ಷದ ಈ ದುರಸ್ತಿ ನಿಂತಿದ್ದುದು ಹಕ್ಕು ಮತ್ತು ಹೊಣೆಗಳ ಹಂಚಿಕೆಯ ಮೇಲೆ. ಮೈಸೂರು ಸೀಮೆಯ ದೇವಾಲಯಗಳಲ್ಲಿ ಮರಗೆಲಸ, ಕಬ್ಬಿಣದ ಕೆಲಸ, ಹಗ್ಗ, ಬಿದಿರು, ಬೆಣೆ ಇವೆಲ್ಲ ಬೇರೆ ಬೇರೆ ಕುಲಗಳಿಗೂ ಊರುಗಳಿಗೂ ಸೇರಿದ್ದು, ಪ್ರತಿಯಾಗಿ ಇನಾಮು ಭೂಮಿ, ಪ್ರಸಾದದ ಪಾಲು, ಮರ್ಯಾದೆಗಳು ಸಲ್ಲುತ್ತಿದ್ದವು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮು ರದ್ದತಿ ಕಾಯಿದೆ ಆ ಭೂಮಿಯ ಆಧಾರವನ್ನು ತೆಗೆದುಹಾಕಿತು. ಉಳುವವನ ದೃಷ್ಟಿಯಿಂದ ಕಾಯಿದೆ ಅಗತ್ಯವಾಗಿತ್ತೆಂಬುದರಲ್ಲಿ ಅನುಮಾನವಿಲ್ಲ; ಆದರೆ ಹೊಣೆ ಮುಜರಾಯಿ ಇಲಾಖೆಗೂ ಟೆಂಡರಿಗೂ ವರ್ಗವಾದ ಮೇಲೆ, ಒಂದೇ ತೇರಿನ ಕೀಲುಗಳನ್ನು ತಂದೆಯಿಂದ ಮಗ ಕಲಿಯುವ ಅವಕಾಶ ತೆಳುವಾಯಿತು. ಅದೇ ಕಾಲದಲ್ಲಿ ಹಳ್ಳಿಯಲ್ಲಿ ಮರದ ಗಾಲಿಯ ಗಾಡಿ ಟೈರಿನ ಗಾಡಿಗೂ, ಅದು ಟ್ರ್ಯಾಕ್ಟರಿಗೂ ಎಡೆಬಿಟ್ಟುಕೊಟ್ಟಿತು. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿ 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಯನ್ನು ರಾಷ್ಟ್ರೀಯ ಪ್ರಶ್ನೆಯಾಗಿ ಮಂಡಿಸಿದರೂ ಹಳೆಯ ಗಾಲಿ ಬಡಗಿಗಳ ಸಂಖ್ಯೆ ಕುಗ್ಗುವುದು ನಿಲ್ಲಲಿಲ್ಲ. ದಿನನಿತ್ಯದ ಗಾಡಿಯಲ್ಲಿ ಕೈ ಪಳಗದ ಬಡಗಿಗೆ ವರ್ಷಕ್ಕೊಮ್ಮೆ ಬರುವ ತೇರು ಅಪರಿಚಿತವಾಗುವುದು ಸಹಜ.

ಮರದ ಕೌಶಲ ಕುಗ್ಗಿದಲ್ಲಿ ಲೋಹ ಬಂದು ನಿಂತಿತು. ಅದಕ್ಕೆ ದಾರಿ ಮೊದಲೇ ತೆರೆದಿತ್ತು. 1735ರಲ್ಲಿ ದಳವಾಯಿ ದೇವರಾಜಯ್ಯ ಕಪಿಲೆಗೆ ಕಟ್ಟಿಸಿದ ಕಲ್ಲಿನ ಸೇತುವೆಯ ಮೇಲೆಯೇ ಹಳಿ ಹಾಸಿ 19ನೇ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನಿಂದ ರೈಲು ನಂಜನಗೂಡಿಗೆ ಬಂದಿತು. ಜಾತ್ರೆಗೆ ದೂರದ ಜನರನ್ನು ತಂದ ಅದೇ ಮಾರ್ಗ ಕಾರ್ಖಾನೆಯ ಕಬ್ಬಿಣವನ್ನೂ ಹತ್ತಿರವಾಗಿಸಿತು. ಇಡೀ ಅಡಿಗಟ್ಟನ್ನೇ ಆಧುನಿಕಗೊಳಿಸಿದ ಹೆಸರಾಂತ ಉದಾಹರಣೆ ತಮಿಳುನಾಡಿನ ತಿರುವಾರೂರಿನದು. 1926ರಲ್ಲಿ ಬೆಂಕಿಗೆ ಆಹುತಿಯಾಗಿ 1930ರಲ್ಲಿ ಮತ್ತೆ ಕಟ್ಟಲಾದ ಅಲ್ಲಿನ ದೊಡ್ಡ ತೇರಿಗೆ ಮುಂದೆ ತಿರುಚಿರಾಪಳ್ಳಿಯ ಬಿಎಚ್‌ಇಎಲ್ ಕಾರ್ಖಾನೆ ಕಬ್ಬಿಣದ ಅಚ್ಚುಗಳನ್ನೂ ಹೈಡ್ರಾಲಿಕ್ ಬ್ರೇಕನ್ನೂ ಒದಗಿಸಿತು. ಬಾಯ್ಲರು ಮಾಡುವ ಕಾರ್ಖಾನೆಯೊಂದು ದೇವರ ಗಾಲಿಯನ್ನೂ ಮಾಡಿಕೊಟ್ಟದ್ದು ಸೊಗಸಾದ ಸಂಗತಿಯೇ. ಬ್ರೇಕು ಬಂದರೂ ತಿರುವಿನಲ್ಲಿ ಬೆಣೆಮರ ಉಳಿದುಕೊಂಡದ್ದು ಇನ್ನೂ ಗಮನಾರ್ಹ.

ಕರ್ನಾಟಕದಲ್ಲಿ ಅಡಿಗಟ್ಟಿನ ಗಟ್ಟಿತನದ ಪ್ರಶ್ನೆಯನ್ನು ತುರ್ತಾಗಿಸಿದ್ದು ಅವಘಡಗಳು. 2017ರ ಫೆಬ್ರವರಿ 21ರಂದು ಕೊಟ್ಟೂರಿನಲ್ಲಿ ಗುರು ಕೊಟ್ಟೂರೇಶ್ವರನ ತೇರು ಎಳೆಯುತ್ತಿರುವಾಗಲೇ ಅಚ್ಚು ಮುರಿದು ಪಕ್ಕಕ್ಕೆ ಉರುಳಿ ಹಲವರು ಗಾಯಗೊಂಡರು. ಆನೇಕಲ್ಲಿನ ಹತ್ತಿರದ ಹುಸ್ಕೂರಿನಲ್ಲಿ ಮದ್ದೂರಮ್ಮನ ಜಾತ್ರೆಗೆ ಹಳ್ಳಿಗಳಿಂದ ಬರುವ ತೇರುಗಳು 2024ರಲ್ಲೊಮ್ಮೆ, 2025ರಲ್ಲಿ ಮತ್ತೊಮ್ಮೆ ಕುಸಿದವು, ಎರಡನೆಯ ಸಲ ಜೀವಹಾನಿಯೂ ಆಯಿತು. ಇವೆರಡೂ ಒಂದೇ ಬಗೆಯ ಸೋಲುಗಳಲ್ಲ. ಕೊಟ್ಟೂರಿನದು ಅಚ್ಚಿನ ಸೋಲು. ಹುಸ್ಕೂರಿನದು ಪ್ರಮಾಣದ ಸೋಲು: ಊರೂರುಗಳ ಪೈಪೋಟಿಯಲ್ಲಿ ನೂರು ಅಡಿಗೂ ಮಿಕ್ಕು ಏರಿಸಿದ ಶಿಖರಕ್ಕೆ ತಕ್ಕ ತೂಕವಾಗಲಿ ಅಗಲವಾಗಲಿ ತಳದಲ್ಲಿ ಇಲ್ಲದಿದ್ದರೆ, ಗಾಳಿಯ ಒಂದು ಬೀಸು ಅಥವಾ ಗಾಲಿಯ ಒಂದು ತಗ್ಗು ಸಾಕಾಗುತ್ತದೆ. ನಂಜನಗೂಡಿನ ಗೌತಮರಥದ ತೂಕವನ್ನು ಹೊರೆಯೆಂದು ಭಾವಿಸುವವರು ಹುಸ್ಕೂರಿನ ಚಿತ್ರಗಳನ್ನು ನೋಡಬೇಕು. ಆ ತೂಕವೇ ಅದರ ಕಾವಲು. ಜಾತ್ರೆಗೆ ಮುನ್ನ ಲೋಕೋಪಯೋಗಿ ಇಲಾಖೆಯ ಇಂಜಿನಿಯರುಗಳಿಂದ ತೇರಿನ ಗಟ್ಟಿತನವನ್ನು ಪರೀಕ್ಷಿಸಿಕೊಳ್ಳುವ ಕ್ರಮ ಈಗ ರಾಜ್ಯದ ಅನೇಕ ಕಡೆ ರೂಢಿಗೆ ಬಂದಿದೆ. ಆದರೆ ಮರದ ಒಳಗಿನ ಗೆದ್ದಲು, ಅಚ್ಚಿನ ಕಣ್ಣಿಗೆ ಕಾಣದ ಸೀಳು ಇವು ಕಾಗದದ ಪ್ರಮಾಣಪತ್ರಕ್ಕೆ ಸುಲಭವಾಗಿ ಸಿಕ್ಕುವಂಥವಲ್ಲ.

1997ರವರೆಗೆ ಮೈಸೂರು ಜಿಲ್ಲೆಗೇ ಸೇರಿದ್ದ ಚಾಮರಾಜನಗರದ ಅನುಭವ ಇನ್ನೊಂದು ಬಗೆಯದು. ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ ಚಾಮರಾಜೇಶ್ವರ ದೇವಾಲಯದ ತೇರಿಗೆ 2017ರಲ್ಲಿ ಕಿಡಿಗೇಡಿತನದಿಂದ ಬೆಂಕಿ ಬಿದ್ದಿತು. ಆಷಾಢದಲ್ಲಿ ನಡೆಯುವ ಅಲ್ಲಿನ ರಥೋತ್ಸವ ಹೊಸ ತೇರು ಸಿದ್ಧವಾಗಿ 2022ರಲ್ಲಿ ಬೀದಿಗೆ ಬರುವವರೆಗೂ ನಿಂತೇಹೋಗಿತ್ತು. ಒಂದು ತೇರನ್ನು ಹೊಸದಾಗಿ ಕಟ್ಟಲು ಹಣ ಮಂಜೂರಾದರೆ ಸಾಲದು. ತಕ್ಕ ಅಳತೆಯ ಮರ ಸಿಗಬೇಕು, ಅದು ಒಣಗಬೇಕು, ಕಟ್ಟಬಲ್ಲವರು ಒದಗಬೇಕು.

ನಂಜನಗೂಡಿನಲ್ಲಿಯೂ ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹನ ಸನ್ನಿಧಿಯಲ್ಲಿಯೂ ತೇರು ಇಂದು ಸಾಗುವ ನೆಲ ಹಳೆಯ ಮಣ್ಣಿನದಲ್ಲ. ಮಣ್ಣಿನ ಬೀದಿ ಗಾಲಿಯಡಿ ತುಸು ಕುಸಿದು ಪೆಟ್ಟನ್ನು ತಾನೇ ನುಂಗುತ್ತಿತ್ತು, ಮಳೆ ಬಂದರೆ ಗಾಲಿಯನ್ನು ಹೂತೂಬಿಡುತ್ತಿತ್ತು. ಡಾಂಬರು ಮತ್ತು ಕಾಂಕ್ರೀಟು ಎಳೆಯುವವರ ಶ್ರಮವನ್ನು ತಗ್ಗಿಸಿವೆ, ಆದರೆ ಬೆಣೆಯಿಂದ ಇಳಿಯುವ ಗಾಲಿಯ ಪೆಟ್ಟನ್ನು ಒಂದಿಷ್ಟೂ ಕಡಿಮೆ ಮಾಡದೆ ಅಚ್ಚಿಗೆ ಹಿಂದಿರುಗಿಸುತ್ತವೆ. ಫಾಲ್ಗುಣದ ಬಿಸಿಲಿಗೆ ಮೆದುವಾದ ಡಾಂಬರಿನಲ್ಲಿ ಕಬ್ಬಿಣದ ಹಳಿ ತೋಡುವ ಗೀರುಗಳನ್ನು ಮಾತ್ರ ಪುರಸಭೆ, ನಗರಸಭೆಗಳು ಜಾತ್ರೆ ಮುಗಿದ ಮೇಲೆ ಮುಚ್ಚಿಸಬೇಕಾಗುತ್ತದೆ.